ಅಮೆರಿಕದ ಸ್ವಾತಂತ್ರ್ಯಯುದ್ಧ: ಸೋಲುಗಳ ನಡುವಣ ಗೆಲುವು

ಹೆಚ್ಚು ಕಾಳಗಗಳನ್ನು ಗೆದ್ದವನೇ ಕಡೆಗೆ ಯುದ್ಧವನ್ನು ಗೆಲ್ಲುವನೆಂಬುದು ಸಾಮಾನ್ಯವಾದ ಭಾವನೆ. ಚರಿತ್ರೆಯು ಯಾವಾಗಲೂ ಈ ಮಾತಿಗೆ ಸಾಕ್ಷಿ ನುಡಿಯುವುದಿಲ್ಲ. ೧೭೭೫ನೆಯ ಇಸವಿಯಿಂದ ೧೭೮೩ರ ವರೆಗೆ ಉತ್ತರ ಅಮೆರಿಕದ ಹದಿಮೂರು ವಸಾಹತುಗಳವರು ಬ್ರಿಟಿಷ್ ಸಾಮ್ರಾಜ್ಯದೊಡನೆ ನಡೆಸಿದ ಯುದ್ಧವು ಇದಕ್ಕೆ ಒಳ್ಳೆಯ ನಿದರ್ಶನ. ಅವರ ಸೇನಾಪತಿಯಾದ ಜಾರ್ಜ್ ವಾಷಿಂಗ್ಟನ್ನನು ಗೆದ್ದ ಕಾಳಗಗಳಿಗಿಂತ ಸೋತವುಗಳೇ ಹೆಚ್ಚು. ನ್ಯೂಯಾರ್ಕ್, ಫಿಲಡೆಲ್ಫಿಯ, ಚಾರ್ಲ್ಸ್‌ಟನ್ ಎಂಬ ದೊಡ್ಡ ಪಟ್ಟಣಗಳು ಒಂದೊಂದಾಗಿ ಶತ್ರುಗಳ ಕೈಸೇರಿದವು. ಹೀಗಿದ್ದೂ ಅವರಿಗೆ ಸ್ವಾತಂತ್ರ್ಯವು ಲಭಿಸಿತು. ಇದು ಹೇಗೆ ಸಾಧ್ಯವಾಯಿತೆಂಬುದನ್ನೂ, ಆ ಯುದ್ಧದ ಅಲೆಯು ನಮ್ಮ ಮೈಸೂರು ಸೀಮೆಯನ್ನು ಹೇಗೆ ಬಂದು ತಾಕಿತೆಂಬುದನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸುವೆವು.

ಕಲಹದ ಮೂಲವು ಸಾಲದಲ್ಲಿತ್ತು. ೧೭೬೩ರಲ್ಲಿ ಮುಗಿದ ಏಳು ವರ್ಷಗಳ ಯುದ್ಧದಿಂದ ಇಂಗ್ಲೆಂಡಿಗೆ ಕೆನಡಾ ದೊರೆಯಿತು. ಅದರೊಡನೆ ಸಾಲದ ಹೊರೆಯೂ ಬೆಳೆಯಿತು. ವಸಾಹತುಗಳ ರಕ್ಷಣೆಗಾಗಿ ಆದ ವೆಚ್ಚದಲ್ಲಿ ಅಲ್ಲಿಯವರೂ ಪಾಲು ಕೊಡಬೇಕೆಂದು ಪಾರ್ಲಿಮೆಂಟು ಬಗೆಯಿತು. ೧೭೬೫ರಲ್ಲಿ ದಸ್ತಾವೇಜು, ವೃತ್ತಪತ್ರಿಕೆ, ಕಡೆಗೆ ಇಸ್ಪೀಟಿನ ಎಲೆಗಳ ಮೇಲೂ ಮುದ್ರೆಯ ತೆರಿಗೆಯನ್ನು ವಿಧಿಸಿತು. ತಮ್ಮ ಪ್ರತಿನಿಧಿಯೊಬ್ಬನೂ ಕುಳಿತಿರದ ಸಭೆಗೆ ತಮ್ಮ ಹಣವನ್ನು ಮುಟ್ಟುವ ಹಕ್ಕೆಲ್ಲಿಯದು ಎಂದು ಜನರು ಕೇಳಿದರು. ಮರುವರ್ಷವೇ ಆ ತೆರಿಗೆಯು ರದ್ದಾಯಿತು. ಆದರೆ ೧೭೬೭ರಲ್ಲಿ ಗಾಜು, ಕಾಗದ, ಬಣ್ಣ, ಸೀಸ, ಚಹಗಳ ಮೇಲೆ ಸುಂಕವು ಬಿದ್ದಿತು. ೧೭೭೦ರಲ್ಲಿ ಚಹದ ಸುಂಕವೊಂದನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆದುಹಾಕಿದರು.

ಈ ಚಹದ ಕಥೆಯಲ್ಲಿ ನಮಗೆ ಪರಿಚಿತವಾದ ಒಂದು ಹೆಸರು ಬರುತ್ತದೆ. ಬಂಗಾಳದ ಕಂದಾಯವನ್ನು ಕೈಗೆ ತೆಗೆದುಕೊಂಡಿದ್ದರೂ ಈಸ್ಟ್ ಇಂಡಿಯಾ ಕಂಪೆನಿಯು ಸಾಲದಲ್ಲಿ ಮುಳುಗಿತ್ತು; ಅದು ಚೀನಾದಿಂದ ತಂದ ಚಹವು ಲಂಡನ್ನಿನ ಉಗ್ರಾಣಗಳಲ್ಲಿ ಮಾರಾಟವಾಗದೆ ರಾಶಿ ಬಿದ್ದಿತ್ತು. ಅದನ್ನು ನೇರವಾಗಿ ಅಮೆರಿಕಕ್ಕೆ ಕಳುಹಿಸಲು ೧೭೭೩ರ ಶಾಸನವು ಅನುಮತಿಯಿತ್ತಿತು. ಬೆಲೆಯು ಮೊದಲಿಗಿಂತ ಇಳಿಯುವಂತಿತ್ತು. ಆದರೂ ಅಗ್ಗದ ಚಹದೊಡನೆ ಪಾರ್ಲಿಮೆಂಟಿನ ಹಕ್ಕನ್ನೂ ನುಂಗಬೇಕಾಗುವುದೆಂದು ಜನರು ಅದನ್ನು ಒಲ್ಲೆವೆಂದರು. ಆ ವರ್ಷ ಡಿಸೆಂಬರ್ ೧೬ರ ರಾತ್ರಿ ಬಾಸ್ಟನ್ ರೇವಿನಲ್ಲಿ ೩೪೨ ಪೆಟ್ಟಿಗೆಗಳಷ್ಟು ಚಹವು ನೀರುಪಾಲಾಯಿತು. ಸರ್ಕಾರವು ಕೋಪಗೊಂಡು ಆ ರೇವನ್ನೇ ಮುಚ್ಚಿತು. ಒಂದು ಊರಿಗಾದ ಶಿಕ್ಷೆಯು ನಾಳೆ ತಮಗೂ ಬಂದೀತೆಂದು ಮಿಕ್ಕ ವಸಾಹತುಗಳು ಅಂಜಿದವು. ೧೭೭೪ರ ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯದಲ್ಲಿ ಸಭೆ ಸೇರಿದರು.

೧೭೭೫ರ ಏಪ್ರಿಲ್ ೧೯ರಂದು, ಹಳ್ಳಿಯವರು ಕೂಡಿಟ್ಟಿದ್ದ ಮದ್ದುಗುಂಡುಗಳನ್ನು ವಶಪಡಿಸಿಕೊಳ್ಳಲು ಹೊರಟ ಬ್ರಿಟಿಷ್ ದಂಡಿಗೂ ಊರ ಕಾವಲಿನ ರೈತರಿಗೂ ಲೆಕ್ಸಿಂಗ್ಟನ್, ಕಾಂಕರ್ಡ್ ಎಂಬಲ್ಲಿ ಗುಂಡು ಹಾರಿದವು. ಉಭಯ ಪಕ್ಷಗಳ ಬಲಾಬಲವನ್ನು ತೂಗಿ ನೋಡಿದರೆ ವಸಾಹತುಗಳವರದು ಹುಚ್ಚುಸಾಹಸವೆಂದೇ ತೋರುವುದು. ಅವರ ಜನಸಂಖ್ಯೆಯು ಸುಮಾರು ೨೫ ಲಕ್ಷ. ಅದರಲ್ಲಿ ಐದನೆಯ ಒಂದು ಪಾಲು ಗುಲಾಮರು. ನೌಕಾಬಲವಿಲ್ಲ, ಬೊಕ್ಕಸವಿಲ್ಲ. ಅವರ ಕಾಂಗ್ರೆಸ್ ಸಭೆಗೆ ತೆರಿಗೆ ಎತ್ತುವ ಅಧಿಕಾರವಿರಲಿಲ್ಲ. ಅದು ಅಚ್ಚು ಹಾಕಿದ ಕಾಗದದ ಹಣವು ೧೭೮೦ರ ವೇಳೆಗೆ ನಲವತ್ತಕ್ಕೆ ಒಂದರಂತೆ ಇಳಿದುಹೋಯಿತು. ಎದುರಿಗಾದರೋ, ಪ್ರಪಂಚದಲ್ಲೇ ಬಲಿಷ್ಠವಾದ ನೌಕಾಸೈನ್ಯ. ಸಾಲದುದಕ್ಕೆ ಜರ್ಮನಿಯ ದೊರೆಗಳಿಗೆ ಹಣ ತೆತ್ತು ತರಿಸಿದ ಸುಮಾರು ೩೦,೦೦೦ ಸಿಪಾಯಿಗಳು.

ಆದರೆ ಸಾಮ್ರಾಜ್ಯಕ್ಕೂ ಒಂದು ಕಷ್ಟವಿತ್ತು. ಮೂರು ಸಾವಿರ ಮೈಲಿಗಳ ಕಡಲು ನಡುವೆ ಹರಡಿತ್ತು. ಲಂಡನ್ನಿನ ಅಪ್ಪಣೆಯು ಸೇನಾಪತಿಗೆ ತಲುಪಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ರಣರಂಗದ ಸ್ಥಿತಿಯೇ ಬದಲಾಗಿರುತ್ತಿತ್ತು. ಒಂದು ರಾಜಧಾನಿಯನ್ನು ಹಿಡಿದರೆ ದೇಶವೆಲ್ಲ ಶರಣಾಗುವಂತಹ ನಾಡು ಅದಲ್ಲ. ಬ್ರಿಟಿಷ್ ದಂಡು ನಿಂತ ನೆಲವು ದೊರೆಯದು. ಅದು ಕದಲಿದೊಡನೆ ಮತ್ತೆ ಬಂಡಾಯಗಾರರದು.

ಈ ಮರ್ಮವನ್ನು ವಾಷಿಂಗ್ಟನ್ನನು ಸೋಲಿನಿಂದಲೇ ಕಲಿತನು. ಸ್ವಾತಂತ್ರ್ಯವನ್ನು ಸಾರಿದ ೧೭೭೬ರ ಜುಲೈ ೪ ಕಳೆದು ಎರಡು ತಿಂಗಳಾಗುವುದರೊಳಗೆ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ ಅವನ ಸೈನ್ಯವು ಮುರಿದುಬಿದ್ದಿತು. ಆಗಸ್ಟ್ ೨೯ರ ರಾತ್ರಿ, ಕತ್ತಲೆಯ ಮತ್ತು ಬೆಳಗಿನ ಮಂಜಿನ ಮರೆಯಲ್ಲಿ ಸುಮಾರು ೯,೦೦೦ ಜನರನ್ನು ದೋಣಿಗಳಲ್ಲಿ ದಾಟಿಸಿ ಅವನು ಪಾರಾದನು. ವರ್ಷದ ಕೊನೆಗೆ ಬಹುಮಂದಿ ಸಿಪಾಯಿಗಳ ಕರಾರು ಮುಗಿದು ಅವರು ಮನೆಗೆ ಹೊರಡುವವರಿದ್ದರು. ಆಗ ಕ್ರಿಸ್ಮಸ್ಸಿನ ರಾತ್ರಿ ಹಿಮಗಡ್ಡೆಗಳು ತೇಲುತ್ತಿದ್ದ ಡೆಲವೇರ್ ನದಿಯನ್ನು ದಾಟಿ, ಬೆಳಗಾಗುತ್ತಲೆ ಟ್ರೆಂಟನ್ನಿನ ಜರ್ಮನ್ ಠಾಣ್ಯದ ಮೇಲೆ ಬಿದ್ದು ಸುಮಾರು ೯೦೦ ಮಂದಿಯನ್ನು ಸೆರೆಹಿಡಿದನು. ಗೆಲುವು ಚಿಕ್ಕದು, ಸೈನ್ಯವು ಕರಗದೆ ಉಳಿಯಿತೆಂಬುದೇ ದೊಡ್ಡದು. ಅಂದಿನಿಂದ ಊರುಗಳು ಹೋದರೂ ಸರಿ, ಸೈನ್ಯವು ಹೋಗಬಾರದೆಂಬುದು ಅವನ ನೀತಿಯಾಯಿತು.

ಆ ಸೈನ್ಯಕ್ಕೆ ಗುಂಡಿಗಿಂತ ರೋಗವೇ ಹೆಚ್ಚಿನ ಶತ್ರುವಾಗಿತ್ತು. ಸಿಡುಬಿನ ಹಾವಳಿಗೆ ಹೆದರಿ, ಸಿಡುಬಿನ ಕೀವನ್ನೇ ಚರ್ಮದಲ್ಲಿ ಸೇರಿಸಿ ಲಘುವಾಗಿ ರೋಗ ಬರಿಸುವ ಅಂದಿನ ಉಪಾಯವನ್ನು ೧೭೭೭ರಲ್ಲಿ ವಾಷಿಂಗ್ಟನ್ನನು ತನ್ನ ದಂಡಿಗೆಲ್ಲ ಮಾಡಿಸಿದನು. ಆ ವರ್ಷದ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಎಂಬಲ್ಲಿ ಬೀಡುಬಿಟ್ಟ ಸುಮಾರು ೧೨,೦೦೦ ಮಂದಿಗೆ ಹೊಟ್ಟೆಗೂ ಇಲ್ಲ, ಕಾಲಿಗೆ ಜೋಡೂ ಇಲ್ಲ. ಜ್ವರ ಆಮಶಂಕೆಗಳಿಂದ ಸಾವಿರಾರು ಮಂದಿ ನರಳಿದರು. ಸುಮಾರು ಎರಡು ಸಾವಿರ ಮಂದಿ ಮಡಿದರು. ಉಳಿದವರಿಗೆ ಪ್ರಷ್ಯದಿಂದ ಬಂದ ಸ್ಟ್ಯೂಬೆನ್ ಎಂಬ ಅಧಿಕಾರಿಯು ಕವಾಯತು ಕಲಿಸಿದನು. ವಸಂತದಲ್ಲಿ ಹೊರಬಂದುದು ಪಳಗಿದ ಸೈನ್ಯ.

ಇತ್ತ ೧೭೭೭ರ ಅಕ್ಟೋಬರ್ ೧೭ರಂದು ಸರಟೋಗದಲ್ಲಿ ಬರ್ಗಾಯಿನ್ ಎಂಬ ಬ್ರಿಟಿಷ್ ಸೇನಾಪತಿಯು ತನ್ನ ದಂಡಿನೊಡನೆ ಶರಣಾಗಿದ್ದನು. ಸಮಯ ಕಾಯುತ್ತಿದ್ದ ಫ್ರಾನ್ಸು ೧೭೭೮ರ ಫೆಬ್ರವರಿಯಲ್ಲಿ ಅಮೆರಿಕದೊಡನೆ ಮೈತ್ರಿ ಮಾಡಿಕೊಂಡಿತು. ಮರುವರ್ಷ ಸ್ಪೇನ್ ದೇಶವೂ ಯುದ್ಧಕ್ಕಿಳಿಯಿತು. ಆಮೇಲೆ ಬ್ರಿಟಿಷರು ಒಂದು ಬಂಡಾಯವನ್ನು ಅಡಗಿಸುವುದರ ಜೊತೆಗೆ ಲೋಕದ ಎಲ್ಲ ಕಡಲುಗಳನ್ನೂ ಕಾಯಬೇಕಾಯಿತು.

ದಕ್ಷಿಣ ವಸಾಹತುಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಗೆಲ್ಲುತ್ತಲೇ ಕ್ಷೀಣಿಸಿದನು. ಅವನೆದುರು ನಿಂತ ನಥಾನಿಯಲ್ ಗ್ರೀನನು ಸೋತು ಹಿಂದೆಗೆಯುವನು, ಮತ್ತೆ ಬಂದು ಕಾದುವನು. ೧೭೮೧ರ ಮಾರ್ಚಿಯಲ್ಲಿ ಗಿಲ್‌ಫರ್ಡ್ ಎಂಬಲ್ಲಿ ಕಾರ್ನ್‌ವಾಲಿಸನು ಕಣವನ್ನು ಗೆದ್ದು ಸೈನ್ಯದ ಕಾಲುಭಾಗವನ್ನು ಕಳೆದುಕೊಂಡನು. ದಣಿದು ಕಡಲ ತಡಿಯ ಯಾರ್ಕ್‌ಟೌನ್ ಸೇರಿ ಹಡಗುಗಳ ದಾರಿ ಕಾಯುತ್ತಿರಲು, ಸೆಪ್ಟೆಂಬರ್ ೫ರಂದು ಫ್ರೆಂಚ್ ನೌಕಾಸೈನ್ಯವು ಬ್ರಿಟಿಷ್ ಹಡಗುಗಳನ್ನು ತಡೆದು ಹಿಂದಕ್ಕಟ್ಟಿತು. ನೆಲದ ಕಡೆ ವಾಷಿಂಗ್ಟನ್ನನೂ ಫ್ರೆಂಚರೂ ಮುತ್ತಿದರು. ಅಕ್ಟೋಬರ್ ೧೯ರಂದು ಏಳು ಸಾವಿರಕ್ಕೂ ಹೆಚ್ಚು ಮಂದಿ ಆಯುಧಗಳನ್ನು ಕೆಳಗಿಟ್ಟರು.

ಇನ್ನು ನಮ್ಮ ನಾಡಿನ ಮಾತು. ಫ್ರಾನ್ಸಿನೊಡನೆ ಯುದ್ಧವಾಗುತ್ತಲೆ ಇಂಗ್ಲಿಷರು ೧೭೭೮ರಲ್ಲಿ ಪಾಂಡಿಚೇರಿಯನ್ನೂ ೧೭೭೯ರಲ್ಲಿ ಮಾಹೆಯನ್ನೂ ಹಿಡಿದರು. ಮಾಹೆಯು ಹೈದರಾಲಿಗೆ ಮದ್ದುಗುಂಡುಗಳು ಬರುತ್ತಿದ್ದ ರೇವು. ಇತರ ಕಾರಣಗಳೊಡನೆ ಇದೂ ಸೇರಿ ೧೭೮೦ರಲ್ಲಿ ಅವನು ಕರ್ನಾಟಿಕ್ ಪ್ರಾಂತದ ಮೇಲೆ ದಂಡೆತ್ತಿದನು. ಆ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಬೇಲಿಯ ದಂಡು ನಾಶವಾದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ವಾಚಕರು ನೋಡಿರಬಹುದು. ಈ ಕೀರ್ತಿಯು ಅಮೆರಿಕಕ್ಕೂ ಮುಟ್ಟಿತು: ಪೆನ್ಸಿಲ್ವೇನಿಯದವರು ತಮ್ಮ ಹಡಗೊಂದಕ್ಕೆ ಹೈದರಾಲಿಯ ಹೆಸರನ್ನಿಟ್ಟರು, ಅದು ೧೭೮೨ರ ಏಪ್ರಿಲ್ ೮ರಂದು ತನಗಿಂತ ಬಲಿಷ್ಠವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆದರೆ ೧೭೮೩ರಲ್ಲಿ ಯೂರೋಪಿನ ಸಂಧಿಯ ಸುದ್ದಿ ಬರುತ್ತಲೆ, ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನೊಡನಿದ್ದ ಫ್ರೆಂಚರು ಅವನನ್ನು ಬಿಟ್ಟು ಸರಿದರು. ಅಮೆರಿಕಕ್ಕೆ ಶಾಂತಿಯನ್ನು ತಂದ ಒಪ್ಪಂದವು ಮೈಸೂರನ್ನು ಒಂಟಿಯಾಗಿಸಿತು. ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸನೇ ೧೭೮೬ರಲ್ಲಿ ಗವರ್ನರ್ ಜನರಲ್ಲಾಗಿ ಬಂದು, ೧೭೯೧ರಲ್ಲಿ ಬೆಂಗಳೂರನ್ನು ಹಿಡಿದು, ೧೭೯೨ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡನು. ಒಂದು ಕಡೆ ಕಳೆದುಕೊಂಡ ಸಾಮ್ರಾಜ್ಯವು ಇನ್ನೊಂದು ಕಡೆ ಬೆಳೆಯಿತು.

ಆ ಸ್ವಾತಂತ್ರ್ಯವು ಅಮೆರಿಕದಲ್ಲಿಯೂ ಎಲ್ಲರ ಪಾಲಿಗೆ ಬರಲಿಲ್ಲ. ಬಂಡಾಯಗಾರರ ಗುಲಾಮರು ದೊರೆಯ ಪಕ್ಷ ಸೇರಿದರೆ ಬಿಡುಗಡೆ ಕೊಡುವುದಾಗಿ ವರ್ಜೀನಿಯದ ಗವರ್ನರನು ೧೭೭೫ರಲ್ಲಿ ಸಾರಿದಾಗ ಸಾವಿರಾರು ಮಂದಿ ಶತ್ರುವಿನ ಪಾಳೆಯಕ್ಕೆ ಓಡಿದರು. ಅವರಿಗೆ ಸ್ವಾತಂತ್ರ್ಯವು ಆ ದಿಕ್ಕಿನಲ್ಲಿ ಕಂಡಿತು. ಗುಲಾಮಗಿರಿಯು ಕಾನೂನಿನಿಂದ ಅಳಿಯಲು ೧೮೬೫ರ ವರೆಗೆ ಕಾಯಬೇಕಾಯಿತು. ಮಿಸಿಸಿಪ್ಪಿ ನದಿಯ ವರೆಗಿನ ನೆಲವನ್ನು ಹೊಸ ರಾಷ್ಟ್ರಕ್ಕೆ ಬಿಟ್ಟುಕೊಟ್ಟ ಪ್ಯಾರಿಸ್ ಸಂಧಿಯಲ್ಲಿ, ಆ ನೆಲದ ಮೂಲನಿವಾಸಿಗಳ ಹೆಸರೇ ಇಲ್ಲ.

ಆದರೂ ೧೭೮೩ರ ಡಿಸೆಂಬರ್ ೨೩ರಂದು ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ಈ ಚರಿತ್ರೆಯು ಪೂರ್ತಿಯಾಗದು. ಗೆದ್ದ ಸೈನ್ಯದ ಒಡೆಯನಾದ ವಾಷಿಂಗ್ಟನ್ನನು ಅನಾಪೊಲಿಸಿನಲ್ಲಿ ಕಾಂಗ್ರೆಸ್ ಸಭೆಯೆದುರು ನಿಂತು ತನ್ನ ಅಧಿಕಾರಪತ್ರವನ್ನು ಹಿಂದಕ್ಕೆ ಒಪ್ಪಿಸಿ ಊರಿಗೆ ಹೊರಟುಹೋದನು. ತಾಳಿದವನು ಬಾಳಿಯಾನು ಎಂಬುದು ನಮ್ಮ ಗಾದೆ. ಸೋಲನ್ನು ತಾಳಿಕೊಂಡವರು ಲೋಕದಲ್ಲಿ ಹಲವರಿದ್ದಾರೆ. ಗೆಲುವನ್ನೂ ತಾಳಿಕೊಂಡವರು ವಿರಳ. ಸಾಮ್ರಾಜ್ಯದಿಂದ ಬಿಡುಗಡೆ ಪಡೆದ ನಾಡು ತನ್ನ ಸೇನಾಪತಿಯ ಕೈಗೆ ಸಿಕ್ಕದೆ ಉಳಿದುದು ಈ ಎರಡನೆಯ ತಾಳ್ಮೆಯಿಂದ.