ಅಣೆಕಟ್ಟಿನ ಸುಣ್ಣದ ಲೆಕ್ಕ

ಪುಣೆಯ ಕನ್ನಡಿಗರಿಗೆ ಖಡಕ್‌ವಾಸ್ಲಾ ಎಂದರೆ ಭಾನುವಾರದ ಸಂಜೆ, ಸುಟ್ಟ ಮುಸುಕಿನ ಜೋಳ, ಟ್ರಾಫಿಕ್ ಜಾಮ್. ಇತಿಹಾಸದ ಆಸಕ್ತಿ ಇದ್ದವರಿಗೆ ವಿಶ್ವೇಶ್ವರಯ್ಯನವರೂ ನೆನಪಾಗುತ್ತಾರೆ. ಇದೇ ಊರಿನಲ್ಲಿ ಎಂಜಿನಿಯರಿಂಗ್ ಓದಿದ ಅವರು 1903ರಲ್ಲಿ ಈ ಜಲಾಶಯಕ್ಕೆ ತಾವು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ಗೇಟಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಗೇಟುಗಳನ್ನು ಹೊತ್ತ ಗೋಡೆಗೂ ಒಂದು ಕಥೆಯಿದೆ.

1879ರಲ್ಲಿ ಈ ಅಣೆಕಟ್ಟು ಮುಗಿದಾಗ ದೇಶದಲ್ಲಿ ಸಿಮೆಂಟ್ ಕಾರ್ಖಾನೆ ಇರಲಿಲ್ಲ. ಕಲ್ಲುಗಳನ್ನು ಹಿಡಿದದ್ದು ಸುಣ್ಣದ ಗಾರೆ. ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಮತ್ತೆ ಕಲ್ಲಾಗುತ್ತದೆ, ಆದರೆ ದಪ್ಪ ಗೋಡೆಯ ಒಡಲಿಗೆ ಗಾಳಿ ತಲುಪುವುದು ಕಷ್ಟ. ಅಲ್ಲಿ ಉಳಿದ ಹಸಿ ಸುಣ್ಣ ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದೂವರೆ ಗ್ರಾಂ ಕರಗಬಲ್ಲದು. ಜಿನುಗುವ ನೀರಿನೊಡನೆ ಹೊರಬಂದು ಗಾಳಿ ತಾಗಿದೊಡನೆ ಬಿಳಿ ಕಲೆಯಾಗಿ ಗಟ್ಟಿಯಾಗುತ್ತದೆ. ಸುಣ್ಣದ ತಿಳಿಯ ಮೇಲೆ ಕೆನೆ ಕಟ್ಟುವ ಹಾಗೆ.

1961ರಲ್ಲಿ ಖಡಕ್‌ವಾಸ್ಲಾ ಒಡೆದದ್ದು ಇದರಿಂದಲ್ಲ, ಪಾನ್‌ಶೆತ್ ಒಡೆದು ನುಗ್ಗಿದ ನೀರಿನಿಂದ. ಸುಣ್ಣ ಹೋಗುವುದು ಸದ್ದಿಲ್ಲದೆ.

ಹಳಬರಿಗೆ ಇದಕ್ಕೆ ಮದ್ದು ಗೊತ್ತಿತ್ತು: ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದು ಸುಣ್ಣದೊಡನೆ ಕೂಡಿ ನೀರಿನಲ್ಲಿ ಸುಲಭವಾಗಿ ಕರಗದ ಬಂಧವಾಗುತ್ತದೆ. 1911ರಲ್ಲಿ ಕೆಲಸ ಶುರುವಾದ ನಮ್ಮ ಕೃಷ್ಣರಾಜಸಾಗರ ನಿಂತಿರುವುದೂ ಸುರ್ಕಿ ಗಾರೆಯ ಮೇಲೆಯೇ.

ಎಷ್ಟು ಸುಣ್ಣ ಹೋಯಿತೆಂದು ತಿಳಿಯಲು ಎರಡು ದಾರಿಗಳಿವೆ. ಮೊದಲನೆಯದು, ಗೋಡೆಯಿಂದ ಕೊರೆದು ತೆಗೆದ ಗಾರೆಯ ತುಂಡನ್ನು ಶುದ್ಧ ನೀರಿನಲ್ಲಿ ಮುಳುಗಿಸಿ, ನಿಗದಿತ ಅವಧಿಗೊಮ್ಮೆ ನೀರು ಬದಲಿಸಿ, ತೆಗೆದ ನೀರಿನ ಕ್ಯಾಲ್ಸಿಯಂ ಅಳೆಯುವುದು. ಮೊದಲು ಹೊರಮೈಯ ಸುಣ್ಣ ಬೇಗ ಹೋಗುತ್ತದೆ, ಆಮೇಲೆ ವೇಗ ಇಳಿಯುತ್ತದೆ. ನಾಲ್ಕು ಪಟ್ಟು ಸಮಯಕ್ಕೆ ಸುಮಾರು ಎರಡೇ ಪಟ್ಟು ನಷ್ಟ. ತುಂಡನ್ನು ಪುಡಿ ಮಾಡಿದರೆ ಅಂಕಿ ಹೆಚ್ಚುತ್ತದೆ, ನೀರು ಗಡುಸಾಗಿದ್ದರೆ ತಗ್ಗುತ್ತದೆ. ಹಾಗಾಗಿ ಬೀಕರಿನ ಅಂಕಿಯನ್ನು ನೇರವಾಗಿ ಅಣೆಕಟ್ಟಿನ ಆಯುಷ್ಯ ಎನ್ನಲಾಗದು.

ಎರಡನೆಯದು ಜಮಾಖರ್ಚು. ಜಲಾಶಯದ ನೀರಿಗಿಂತ ಜಿನುಗುವ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಕ್ಯಾಲ್ಸಿಯಂ ಹೆಚ್ಚಿದೆ, ಸೆಕೆಂಡಿಗೆ ಒಂದು ಲೀಟರ್ ಜಿನುಗುತ್ತಿದೆ ಎಂದುಕೊಳ್ಳಿ. ವರ್ಷಕ್ಕೆ ಸುಮಾರು 315 ಕಿಲೋ ಕ್ಯಾಲ್ಸಿಯಂ ಹೊರಹೋಯಿತು. ಇದು ಹೆಚ್ಚೋ ಕಡಿಮೆಯೋ ಎನ್ನಲು ಗೋಡೆಯಲ್ಲಿ ಒಟ್ಟು ಎಷ್ಟಿತ್ತು, ನಷ್ಟ ಒಂದೇ ಕಡೆ ಆಗುತ್ತಿದೆಯೇ ಎಂಬುದೂ ತಿಳಿಯಬೇಕು.

ಈ ಲೆಕ್ಕ ಎರಡು ರಾಜ್ಯಗಳ ಜಗಳದ ನಡುವೆ ಸಿಕ್ಕಿದ್ದು 1895ರಲ್ಲಿ ಮುಗಿದ, ಸುಣ್ಣ-ಸುರ್ಕಿಯ ಮುಲ್ಲಪೆರಿಯಾರ್‌ನಲ್ಲಿ. 1930ರ ದಶಕದಲ್ಲೇ ಅದರೊಳಕ್ಕೆ ಸಿಮೆಂಟ್ ಗ್ರೌಟ್ ತುಂಬಿದ್ದರು. 1979ರಲ್ಲಿ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. ಸುಣ್ಣ ಸೋರಿ ಗೋಡೆ ಟೊಳ್ಳಾಗಿದೆ ಎಂಬುದು ಕೇರಳದ ಆತಂಕ; ಬಲಪಡಿಸಿದ್ದೇವೆ, ಭದ್ರವಾಗಿದೆ ಎಂಬುದು ತಮಿಳುನಾಡಿನ ವಾದ. ಸುಪ್ರೀಂ ಕೋರ್ಟಿನ ಉನ್ನತಾಧಿಕಾರ ಸಮಿತಿ ನಡೆಸಿದ ತನಿಖೆಯಲ್ಲಿ ಖಡಕ್‌ವಾಸ್ಲಾ ಪಕ್ಕದಲ್ಲೇ ಇರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವೂ ಪಾಲ್ಗೊಂಡಿತು. 2014ರ ಮೇ 7ರಂದು ಕೋರ್ಟು 142 ಅಡಿಗೆ ಒಪ್ಪಿತು. ಭಯ ಮಾತ್ರ ಪ್ರತಿ ಮಳೆಗಾಲಕ್ಕೂ ಮರಳುತ್ತದೆ.

ತೀರ್ಪು ಬಂದರೂ ಅಳತೆ ನಿಲ್ಲುವಂತಿಲ್ಲ. ಒಂದು ದಿನದ ಪರೀಕ್ಷೆ ಇಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಗೋಡೆ ಯಾವ ಕಡೆಗೆ ಸಾಗುತ್ತಿದೆ ಎಂದು ಹೇಳುವುದು ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ, ವರ್ಷವರ್ಷವೂ ಬರೆದಿಟ್ಟ ಪುಸ್ತಕ. ಹಳೆಯ ಅಣೆಕಟ್ಟಿನ ಮೇಲೆ ಬಿಳಿ ಕಲೆ ಕಂಡಾಗ ಕೇಳಬೇಕಾದ ಪ್ರಶ್ನೆ ಸರಳ: ಹೋದ ವರ್ಷ ಎಷ್ಟಿತ್ತು?