ಗದ್ದೆ ನೀರು, ಮೀನಖಂಡ, ಹಳದಿ ಕಣ್ಣು: ಉಡುಪಿ ಸೀಮೆಯ ಇಲಿ ಜ್ವರದ ರೋಗನಿರ್ಣಯ

ಉಡುಪಿ ಜಿಲ್ಲೆಯಲ್ಲಿ ಏಣೆಲು (ಮುಂಗಾರು) ಬೆಳೆಗೆ ನೇಜಿ (ಭತ್ತದ ಸಸಿ) ನೆಡುವ ಹೊತ್ತೂ ಇಲಿ ಜ್ವರ ಹೆಚ್ಚುವ ಹೊತ್ತೂ ಹೆಚ್ಚುಕಡಿಮೆ ಒಂದೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಬೀಳುತ್ತದೆ. ಕಾಪುವಿನ ತಗ್ಗು ಬೈಲುಗಳಲ್ಲೂ ಕಾರ್ಕಳದ ಘಟ್ಟದ ಬುಡದ ಗದ್ದೆಗಳಲ್ಲೂ ಆಗ ನೀರು ನಿಂತಿರುತ್ತದೆ. ಇಲಿ, ಹೆಗ್ಗಣ, ದನಗಳ ಮೂತ್ರದಿಂದ ಬಂದ ಲೆಪ್ಟೋಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಆ ನೀರಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ಕಾಲ್ಬೆರಳ ಸಂದಿನ ಬಿರುಕೇ ಅದಕ್ಕೆ ಸಾಕಾದ ದಾರಿ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮೀನಖಂಡ ಮುಟ್ಟಗೊಡದಂಥ ನೋವು, ಕೀವಿಲ್ಲದ ಕೆಂಗಣ್ಣು ಕಾಣಿಸುತ್ತವೆ.

1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ವಿವರಿಸಿದ್ದು ಕಾಮಾಲೆ ಮತ್ತು ಮೂತ್ರಪಿಂಡದ ತೊಂದರೆ ಕೂಡಿದ ಉಗ್ರ ರೂಪವನ್ನು. ಜನರ ಮನಸ್ಸಿನಲ್ಲಿ ನಿಂತಿರುವುದೂ ಆ ಚಿತ್ರವೇ. ಆದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಆದವರಲ್ಲಿ ಕೆಲವರು ಬರೀ ಕಾಮಾಲೆಯೆಂದುಕೊಂಡು ನೆಲನೆಲ್ಲಿ ಕಷಾಯ, ಪಥ್ಯ ಎಂದು ದಿನ ಕಳೆಯುತ್ತಾರೆ. ಆದರೆ ಇಲಿ ಜ್ವರದಲ್ಲಿ ಬಿಲಿರುಬಿನ್ ವಿಪರೀತ ಏರಿದರೂ ಯಕೃತ್ತಿನ ಕಿಣ್ವಗಳು ವೈರಸ್ ಕಾಮಾಲೆಯಲ್ಲಿ ಏರುವಂತೆ ಸಾವಿರ ದಾಟುವುದು ಅಪರೂಪ. ಜೀವಕ್ಕೆ ಎರವಾಗುವುದು ಮೂತ್ರಪಿಂಡ ಮತ್ತು ಶ್ವಾಸಕೋಶ.

ಇಲಿ ಜ್ವರವನ್ನು ಗುರುತಿಸಲು ಭಾರತದಲ್ಲಿ ಬಳಕೆಯಲ್ಲಿರುವ ಪರಿಷ್ಕೃತ ಫೈನ್ ಮಾನದಂಡದ ಅಂಕಗಳನ್ನು ಈ ಬೆಳಕಿನಲ್ಲಿ ಓದಬೇಕು. ಕಾಮಾಲೆಗೆ ಕೇವಲ 1 ಅಂಕ. ಸ್ನಾಯುನೋವಿಗೆ 4, ಕಲುಷಿತ ನೀರು-ಮಣ್ಣಿನ ಸಂಪರ್ಕಕ್ಕೆ 4, ಮಳೆಗೆ 5. ಎಂದರೆ ರೋಗಿಯ ಹಳದಿ ಕಣ್ಣಿಗಿಂತ ಆತ ಹಿಂದಿನ ವಾರ ಎಲ್ಲಿ ನಿಂತಿದ್ದ ಎಂಬುದಕ್ಕೆ ತೂಕ ಹೆಚ್ಚು. ಕರಾವಳಿಯ ಮಳೆಗಾಲದಲ್ಲಿ ಮಳೆಯ 5 ಅಂಕ ಎಲ್ಲರಿಗೂ ಪುಕ್ಕಟೆ ಸಿಗುವುದರಿಂದ, ಇಲ್ಲಿ ನಿಜವಾಗಿ ರೋಗಿಗಳನ್ನು ಬೇರ್ಪಡಿಸುವುದು ಗದ್ದೆಯ ಪ್ರಶ್ನೆಯೇ ಎಂಬುದು ನನ್ನ ವಾದ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಹುಟ್ಟಿದ ಮಣಿಪಾಲದಲ್ಲಿ ಪ್ರಯೋಗಾಲಯಗಳಿಗೆ ಕೊರತೆಯಿಲ್ಲ. ಆದರೂ ಐಜಿಎಂ ಪ್ರತಿಕಾಯ ರಕ್ತದಲ್ಲಿ ಸಿಗಲು ಜ್ವರ ಬಂದು 5ರಿಂದ 7 ದಿನ ಹಿಡಿಯುತ್ತದೆ. ಮೂರನೇ ದಿನದ ‘ನೆಗೆಟಿವ್’ ವರದಿಗೆ ಬೆಲೆ ಕಡಿಮೆ. ಪ್ಲೇಟ್‌ಲೆಟ್ ಇಳಿದಿದೆ ಎಂದ ಮಾತ್ರಕ್ಕೆ ಡೆಂಗಿ ಎನ್ನುವಂತೆಯೂ ಇಲ್ಲ, ಇಲಿ ಜ್ವರದಲ್ಲೂ ಅದು ಇಳಿಯುತ್ತದೆ.

ಹಾಗಾಗಿ ಔಷಧ ವರದಿಗೆ ಕಾಯಬಾರದು. ಸೌಮ್ಯ ರೋಗಕ್ಕೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿ, ಉಲ್ಬಣಿಸಿದರೆ ಆಸ್ಪತ್ರೆಯಲ್ಲಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್, ಬೇಕಾದಲ್ಲಿ ಡಯಾಲಿಸಿಸ್. ಇದೇ ಸೀಮೆಯಲ್ಲಿ ಇಂಥದೇ ಜ್ವರ ತರುವ ಸ್ಕ್ರಬ್ ಟೈಫಸ್ ಕೂಡ ಇದೆ. ಪೆನಿಸಿಲಿನ್ ಅದಕ್ಕೆ ನಾಟದು, ಡಾಕ್ಸಿಸೈಕ್ಲಿನ್ ಎರಡಕ್ಕೂ ನಾಟುತ್ತದೆ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ಲೇಸು. ಮೈಕೈ ನೋವೆಂದು ಡೈಕ್ಲೋಫೆನಾಕ್ ಚುಚ್ಚಿಸಿಕೊಳ್ಳುವ ಅಭ್ಯಾಸ ಮೊದಲೇ ಬಳಲಿದ ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ.

ತಡೆಗಟ್ಟುವಿಕೆಗೆ ಗಂಬೂಟು ಧರಿಸಿ ಎಂಬ ಸಲಹೆ ಕರಪತ್ರಕ್ಕೆ ಚೆನ್ನ. ಮೊಣಕಾಲುದ್ದದ ಕೆಸರಿನಲ್ಲಿ ಅದನ್ನು ಹಾಕಿಕೊಂಡು ನೇಜಿ ನೆಟ್ಟು ನೋಡಲಿ. ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಟ್ಟು ನಡೆಸಿದ, 2000ರಲ್ಲಿ ಪ್ರಕಟವಾದ ಅಂಡಮಾನಿನ ಪ್ರಯೋಗದಲ್ಲಿ ಸೋಂಕು ತಗುಲುವುದು ತಪ್ಪಲಿಲ್ಲ, ಕಾಯಿಲೆ ಬೀಳುವವರ ಪ್ರಮಾಣ ಮಾತ್ರ ಇಳಿಯಿತು. ಕಾಲಲ್ಲಿ ಗಾಯವಿದ್ದೂ ನಾಟಿಗೆ ಇಳಿಯಲೇಬೇಕಾದವರಿಗೆ, ವೈದ್ಯರ ಸಲಹೆಯಂತೆ, ಆ ಕೆಲವೇ ವಾರಗಳ ಮಟ್ಟಿಗೆ ಇದನ್ನು ಕೊಡುವುದಕ್ಕೆ ಅಷ್ಟು ಆಧಾರ ಸಾಕು.