ಪಾವು, ಮೊಳ, ದಾಂಡು: ಉಮ್ಮತ್ತೂರು ಸೀಮೆಯಲ್ಲಿ ಎಳೆಯರ ಅಳತೆ ಕಲಿಕೆಯ ಚರಿತ್ರೆ

ಎರಡು ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟು ‘ಇದು ಉದ್ದ, ಅದು ಗಿಡ್ಡ’ ಎಂದು ಮಗು ಹೇಳುವುದು ಗಣಿತವೇ ಎಂದು ಶಿಕ್ಷಣ ಶಾಸ್ತ್ರ ಒಪ್ಪಿ ಬಹಳ ಕಾಲವಾಗಿಲ್ಲ. ಈ ಒಪ್ಪಿಗೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಜರ್ಮನಿಯ ಫ್ರೊಬೆಲ್‌ನಿಂದ ತೊಡಗಿ ರೋಮ್‌ನ ಮಾಂಟೆಸರಿಗೆ ಬಂದು, ಅಲ್ಲಿಂದ ನಮ್ಮ ಶಿಶುವಿಹಾರಗಳಿಗೆ ಇಳಿಯುತ್ತಾರೆ. ಆ ಕ್ರಮದಲ್ಲಿ ನೋಡಿದರೆ ಹಳ್ಳಿಯ ಮಗು ಹೊರಗಿನಿಂದ ಬಂದುದನ್ನು ಪಡೆಯುವ ಪಾತ್ರೆಯಾಗಿಯಷ್ಟೇ ಕಾಣುತ್ತದೆ. ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯನ್ನು, ಅದರಲ್ಲೂ ಉಮ್ಮತ್ತೂರಿನ ಸುತ್ತಣ ಬಯಲನ್ನು, ಎದುರಿಗಿಟ್ಟುಕೊಂಡರೆ ಬೇರೆ ಕ್ರಮ ಸಿಗುತ್ತದೆ. ಗಾತ್ರ, ಉದ್ದ, ಪ್ರಮಾಣಗಳ ಹೋಲಿಕೆ ಇಲ್ಲಿ ಕಣದಲ್ಲೂ ಬೀದಿಯಲ್ಲೂ ಮೊದಲಿನಿಂದ ಇತ್ತು. ಶಾಲೆ ಅದನ್ನು ಪಾಠದಿಂದ ಹೊರಗಿಟ್ಟಿತು. ಆಮೇಲೆ ಅದು ಆಟಿಕೆಯ ರೂಪದಲ್ಲಿ ಒಳಗೆ ಬಂತು. ಈ ಲೇಖನದ ವಾದ ಇಷ್ಟು.

ಉಮ್ಮತ್ತೂರನ್ನು ಚರಿತ್ರೆಯ ಪುಸ್ತಕಗಳು ನೆನೆಯುವುದು 15–16ನೇ ಶತಮಾನದ ಪಾಳೆಯಪಟ್ಟಿಗಾಗಿ, ಕೃಷ್ಣದೇವರಾಯನಿಗೆ ಎದುರು ನಿಂತ ಗಂಗರಾಜನಿಗಾಗಿ. ನಮ್ಮ ವಿಷಯಕ್ಕೆ ಮುಖ್ಯವಾದುದು ಯುದ್ಧವಲ್ಲ, ನೆಲ. ಬಿ. ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ತಾಲ್ಲೂಕುಗಳ ಶಾಸನಗಳಿವೆ. ಹಳೆಯ ಮೈಸೂರಿನ ದಾನಶಾಸನಗಳಲ್ಲಿ ಗದ್ದೆಯ ವಿಸ್ತಾರವನ್ನು ಖಂಡುಗ, ಕೊಳಗಗಳಲ್ಲಿ ಹೇಳುವ ರೂಢಿ ಕಾಣುತ್ತದೆ. ಒಂದು ಖಂಡುಗ ಬೀಜ ಹಿಡಿಯುವ ನೆಲವೇ ಒಂದು ಖಂಡುಗ ಗದ್ದೆ. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ವಿಸ್ತೀರ್ಣವನ್ನು ಧಾನ್ಯದ ಪ್ರಮಾಣದಿಂದ ಗುರುತಿಸುವ ಈ ಬಗೆ ತಜ್ಞರ ಲೆಕ್ಕಾಚಾರವಲ್ಲ, ಉಳುವವನ ಮಾತು. ಆ ಮಾತಿನ ನಡುವೆ ಬೆಳೆದ ಮಗುವಿಗೆ ‘ಎಷ್ಟು ಹಿಡಿಯುತ್ತದೆ’ ಎಂಬ ಪ್ರಶ್ನೆ ಶಾಲೆಗೆ ಹೋಗುವ ಮೊದಲೇ ಪರಿಚಿತ.

ಸುಗ್ಗಿಯಲ್ಲಿ ರಾಗಿ ಅಳೆಯುವುದನ್ನು ನೋಡಿ. ಕೊಳಗ ತುಂಬಿ ಸುರಿಯುವಾಗ ಮೊದಲನೆಯದನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅಳೆಯುವವನ ಕೈಯತ್ತ ಎಲ್ಲರ ಕಣ್ಣಿರುತ್ತದೆ, ಏಕೆಂದರೆ ಅಳತೆಯಲ್ಲಿ ಎರಡು ಬಗೆ: ಕಾಳು ಗೋಪುರವಾಗಿ ನಿಲ್ಲುವಂತೆ ತುಂಬುವುದು ಒಂದು, ಬಾಯಿಯ ಮಟ್ಟಕ್ಕೆ ಸವರಿ ಚಪ್ಪಟೆ ಮಾಡುವುದು ಇನ್ನೊಂದು. ಪಾತ್ರೆ ಒಂದೇ, ಹಿಡಿದದ್ದು ಬೇರೆ. ಕೂಲಿಗೆ ಕೊಡುವಾಗ ಯಾವುದು, ಸಾಲ ತೀರಿಸುವಾಗ ಯಾವುದು ಎಂಬ ಜಗಳದಲ್ಲಿ ಪ್ರಮಾಣದ ಕಲ್ಪನೆಯ ಅತಿ ಸೂಕ್ಷ್ಮ ಭಾಗ ಅಡಗಿದೆ. ಮನೆಯೊಳಗೆ ಇದೇ ಪಾಠ ಚಿಕ್ಕದಾಗಿ ನಡೆಯುತ್ತಿತ್ತು. ನಾಲ್ಕು ಪಾವು ಒಂದು ಸೇರು. ‘ಒಂದು ಪಾವು ಅಕ್ಕಿ ಹಾಕು’ ಎಂದು ಹೇಳಿಸಿಕೊಂಡ ಹುಡುಗಿ ಸೇರನ್ನು ಮುಟ್ಟುವುದಿಲ್ಲ. ಅವಳ ಅಡುಗೆಯಾಟದ ಕುಡಿಕೆ, ತೆಂಗಿನ ಚಿಪ್ಪು, ಮರಳು ಇವೆಲ್ಲ ಆ ಅಳತೆಯ ಅನುಕರಣೆಗಳೇ. ದೊಡ್ಡ ಚಿಪ್ಪಿನ ಮರಳು ಸಣ್ಣದರಲ್ಲಿ ಹಿಡಿಸದೆ ಚೆಲ್ಲಿದಾಗ ಅವಳು ಕಲಿತದ್ದನ್ನು ಯಾವ ಪಟ್ಟಿಯೂ ಕಲಿಸಲಾರದು.

ಉದ್ದದ ವಿಷಯದಲ್ಲಿ ಗಂಡುಮಕ್ಕಳ ಚಿನ್ನಿದಾಂಡು ಎಲ್ಲಕ್ಕಿಂತ ಸಮೃದ್ಧ ಸಾಕ್ಷಿ. ಚಿನ್ನಿ ಹಾರಿ ಬಿದ್ದ ಜಾಗಕ್ಕೂ ಗುಳಿಗೂ ಇರುವ ದೂರವನ್ನು ಹೊಡೆದವನು ಮೊದಲು ಕಣ್ಣಂದಾಜಿನಲ್ಲಿ ಇಷ್ಟು ದಾಂಡು ಎಂದು ಕೇಳುತ್ತಾನೆ. ಎದುರಾಳಿ ಒಪ್ಪಿದರೆ ಅಷ್ಟೂ ಲೆಕ್ಕಕ್ಕೆ ಸೇರುತ್ತದೆ. ಒಪ್ಪದಿದ್ದರೆ ದಾಂಡನ್ನೇ ನೆಲಕ್ಕಿಟ್ಟು, ತುದಿಗೆ ತುದಿ ತಾಗಿಸಿ ಅಳೆಯಬೇಕು. ಕೇಳಿದ್ದು ಹೆಚ್ಚಾಗಿದ್ದರೆ ಹೊಡೆದವನಿಗೆ ನಷ್ಟ. ಇಂದಿನ ಪಠ್ಯಕ್ರಮ ಮಾಪನದ ಬೋಧನೆಗೆ ಹೇಳುವ ಮೂರು ಹಂತಗಳು, ಅಂದರೆ ಅಂದಾಜು, ಒಂದೇ ಮಾನದ ಪುನರಾವರ್ತನೆ, ಪರಿಶೀಲನೆ, ಈ ಆಟದ ನಿಯಮದಲ್ಲೇ ಇವೆ. ದಾಂಡುಗಳ ನಡುವೆ ಸಂದಿ ಬಿಟ್ಟರೆ ಮೋಸ, ಒಂದರ ಮೇಲೊಂದು ಹಾಯಿಸಿದರೂ ಮೋಸ ಎಂದು ಎಂಟು ವರ್ಷದ ಹುಡುಗ ಕೂಗಾಡುತ್ತಾನಲ್ಲ, ಅದು ಅಳತೆಯ ಮೂಲತತ್ತ್ವ. ಗೋಲಿಯಾಟದಲ್ಲಿ ಆ ಕೆಲಸ ಗೇಣಿನದು. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಹೂ ಮಾರುವವರು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡುವಾಗ, ಕೈ ಗಿಡ್ಡವಾದವರ ಮೊಳ ಗಿಡ್ಡ ಎಂಬ ಸತ್ಯ ಕೊಳ್ಳುವವರಿಗೆಲ್ಲ ಗೊತ್ತು. ಸರ್ವಸಮ್ಮತ ಮಾನ ಏಕೆ ಬೇಕು ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಈ ಸಂಪತ್ತನ್ನು ಹಳೆಯ ಶಾಲೆ ಹೇಗೆ ಕಂಡಿತು? ವಿದ್ವತ್ತಿನಲ್ಲಿ ಅಳತೆಗೆ ಗೌರವದ ಸ್ಥಾನವಿತ್ತು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದ ಆರಂಭದಲ್ಲೇ ಕ್ಷೇತ್ರ, ಕಾಲ, ಧಾನ್ಯಗಳ ಮಾನಗಳನ್ನು ವಿವರಿಸುತ್ತಾನೆ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಆದರೆ ಕೂಲಿಮಠದ ಐಗಳು ಎಳೆಯರಿಗೆ ಕೊಟ್ಟದ್ದು ಮರಳ ಮೇಲಿನ ಅಕ್ಷರ ಮತ್ತು ಬಾಯಿಪಾಠದ ಮಗ್ಗಿ: ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಸೇರಿಸಿ. ಆ ಕಂಠಪಾಠ ಅಂಗಡಿಯ ಲೆಕ್ಕಕ್ಕೆ ಅದ್ಭುತವಾಗಿ ಒದಗುತ್ತಿತ್ತು, ಅದನ್ನು ಕೀಳುಮಾಡಲು ನಾನು ಸಿದ್ಧನಿಲ್ಲ. ಕೊರತೆ ಬೇರೆಡೆ ಇತ್ತು. ಕಾಲು ಸೇರಿನ ಮಗ್ಗಿ ಒಪ್ಪಿಸುವ ಮಗುವಿನ ಕೈಗೆ ಪಾವನ್ನು ಕೊಡುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1868ರ ಹೋಬಳಿ ಶಾಲೆಗಳ ಯೋಜನೆ ಹಳ್ಳಿಗೆ ಸರ್ಕಾರಿ ಶಾಲೆಯನ್ನು ತಂದಾಗಲೂ ಈ ಅಂತರ ಮುಚ್ಚಲಿಲ್ಲ. 1956ರ ತೂಕ–ಅಳತೆ ಕಾಯ್ದೆಯ ನಂತರ ಅಂತರ ಇನ್ನೂ ಹಿರಿದಾಯಿತು. 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂತು, ಪುಸ್ತಕದಲ್ಲಿ ಲೀಟರು ಸೇರಿತು, ಅಡುಗೆಮನೆಯಲ್ಲಿ ಪಾವು ಉಳಿಯಿತು. ದೇಶಕ್ಕೆ ಒಂದೇ ಮಾನ ಬೇಕಿತ್ತು ನಿಜ. ಅದರ ಜೊತೆಗೆ, ಮಗುವಿನ ಕೈ ಬಲ್ಲ ಮಾನದಿಂದ ಪುಸ್ತಕದ ಮಾನಕ್ಕೆ ದಾಟುವ ಸೇತುವೆಯೂ ಬೇಕಿತ್ತು.

ಅತ್ತ ಯುರೋಪಿನಲ್ಲಿ ಫ್ರೊಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ಕಿಂಡರ್‌ಗಾರ್ಟನ್ ಎನಿಸಿತು. ಅವನ ‘ಕೊಡುಗೆ’ಗಳಲ್ಲಿ ಮೂರನೆಯದು ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಘನ. ನಾಲ್ಕನೆಯದು ಅಷ್ಟೇ ಗಾತ್ರದ ಘನ, ಆದರೆ ಬಿಡಿಸಿದಾಗ ಎಂಟು ಚಪ್ಪಟೆ ಇಟ್ಟಿಗೆಗಳು. ಆಕಾರ ಬೇರೆಯಾದರೂ ಒಂದು ಪುಟ್ಟ ಘನ, ಒಂದು ಇಟ್ಟಿಗೆ, ಎರಡರ ಘನಗಾತ್ರವೂ ಒಂದೇ. ಇದನ್ನು ಮರದ ತುಂಡುಗಳಲ್ಲಿ ಮಗುವಿಗೆ ಒಪ್ಪಿಸಿದ ಯೋಚನೆ ನಿಜಕ್ಕೂ ದೊಡ್ಡದು. 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಶಿಶುಗೃಹ ತೆರೆದ ಮಾಂಟೆಸರಿ ಇನ್ನೊಂದು ದಾರಿ ಹಿಡಿದರು: ಒಂದು ಸಲಕ್ಕೆ ಒಂದೇ ಗುಣ ಬದಲಾಗಲಿ. ಕೆಂಪು ಕೋಲುಗಳಲ್ಲಿ 10 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ ಉದ್ದವಷ್ಟೇ ಬದಲಾಗುತ್ತದೆ. ಗುಲಾಬಿ ಗೋಪುರದಲ್ಲಿ 1ರಿಂದ 10 ಸೆಂಟಿಮೀಟರ್ ಬದಿಯ ಹತ್ತು ಘನಗಳು. ಅಲ್ಲಿ ಅತಿ ದೊಡ್ಡದು ಅತಿ ಚಿಕ್ಕದಕ್ಕಿಂತ ಸಾವಿರ ಪಟ್ಟು. 1941ರಲ್ಲಿ ಮನೋವಿಜ್ಞಾನಿ ಪಿಯಾಜೆ ತೋರಿಸಿದ್ದು ಇವೆರಡಕ್ಕೂ ಹಿನ್ನೆಲೆಯಾಗಿ ಓದಬೇಕಾದ ಮಾತು: ಅಗಲ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ ಸಣ್ಣ ಮಗು ‘ಈಗ ಜಾಸ್ತಿ’ ಎನ್ನುತ್ತದೆ. ಸುಮಾರು ಏಳರ ಹೊತ್ತಿಗೆ ಆ ಭ್ರಮೆ ಕಳೆಯುತ್ತದೆ.

ಈ ವಿಚಾರಗಳು ನಮ್ಮತ್ತ ಬಂದ ದಾರಿ ಬೇಗ ಹೇಳಿ ಮುಗಿಸಬಹುದು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಮಾಂಟೆಸರಿ 1939ರಲ್ಲಿ ಅಡ್ಯಾರಿಗೆ ಬಂದು ಶಿಕ್ಷಕರನ್ನು ತರಬೇತುಗೊಳಿಸಿದರು. ಬೆಲೆಬಾಳುವ ಆ ಸಲಕರಣೆ ಬಡವರ ಅಂಗಳಕ್ಕೆ ತಲುಪದೆಂದು ಕಂಡ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅವರೊಂದಿಗೆ 1945ರಲ್ಲಿ ಬೋರ್ಡಿಯಲ್ಲಿ ಸ್ಥಳೀಯ ವಸ್ತುಗಳಿಂದಲೇ ಕಲಿಸತೊಡಗಿದರು. ಈ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಗಮನ ಸಿಗದವರು ಈ ಇಬ್ಬರು ಮಹಿಳೆಯರು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಆಯ್ಕೆಯಾದದ್ದು ತಿ. ನರಸೀಪುರ. ಉಮ್ಮತ್ತೂರು ಆಗ ಅದೇ ಮೈಸೂರು ಜಿಲ್ಲೆಯಲ್ಲಿತ್ತು; ಚಾಮರಾಜನಗರ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಹೀಗೆ ತಿ. ನರಸೀಪುರದಿಂದ ಉಮ್ಮತ್ತೂರಿನವರೆಗಿನ ಈ ಬಯಲು ರಾಜ್ಯದ ಅಂಗನವಾಡಿ ಚರಿತ್ರೆಯ ಮೊದಲ ನೆಲ. ಗುಂಡ್ಲುಪೇಟೆಯ ನೆರೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ, ರಿಷಿ ವ್ಯಾಲಿ ಶಾಲೆಯ ಪ್ರೇರಣೆಯಿಂದ ‘ನಲಿ ಕಲಿ’ ಹುಟ್ಟಿತು. ಚಟುವಟಿಕೆಯ ಕಾರ್ಡುಗಳೂ ಕಲಿಕೆಯ ಏಣಿಯೂ ಒಂದನೆಯ ತರಗತಿಯ ಗೋಡೆಗೆ ಬಂದವು. ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸೆಂಟಿಮೀಟರು, ಲೀಟರುಗಳಿಗೆ ಮೊದಲು ಗೇಣು, ಹೆಜ್ಜೆ, ಲೋಟಗಳಿಂದ ಅಳೆಯಿಸಬೇಕೆನ್ನುತ್ತದೆ.

ಚೌಕಟ್ಟು ಹೇಳುವ ಆ ಲೋಟದ ಜಾಗದಲ್ಲಿ ಈ ಸೀಮೆಯ ಅಂಗನವಾಡಿ ಪಾವನ್ನಿಡಬಹುದು. ಲೋಟಕ್ಕಿಲ್ಲದ ಎರಡು ಗುಣ ಪಾವಿಗಿವೆ. ಸೇರಿನೊಂದಿಗೆ ಅದಕ್ಕೆ ನಿಶ್ಚಿತವಾದ ನಾಲ್ಕರ ಸಂಬಂಧವಿದೆ, ಆದ್ದರಿಂದ ಸುರಿದು ತುಂಬುವ ಆಟದಲ್ಲೇ ಭಿನ್ನರಾಶಿ ಸುಳಿಯುತ್ತದೆ. ಎರಡನೆಯದಾಗಿ, ಅದರಲ್ಲಿ ಗೋಪುರದ ಅಳತೆ, ಸವರಿದ ಅಳತೆ ಎರಡನ್ನೂ ಮಾಡಿಸಿ, ಉಳಿದ ಕಾಳನ್ನು ಬೇರೆ ಚಿಪ್ಪಿಗೆ ಹಾಕಿ ‘ಇದು ಎಲ್ಲಿಂದ ಬಂತು’ ಎಂದು ಕೇಳಬಹುದು. ಎತ್ತರ ಕಂಡು ಹೆಚ್ಚೆಂದು ತೀರ್ಮಾನಿಸುವ ನಾಲ್ಕೈದು ವರ್ಷದ ಮಗುವಿಗೆ ಪಿಯಾಜೆಯ ಲೋಟಗಳಿಗಿಂತ ಈ ಪ್ರಶ್ನೆ ಹತ್ತಿರದ್ದು: ರಾಗಿ ಅದರ ಮನೆಯದು, ಅಳೆದ ಕೈ ಅದರ ಅಜ್ಜಿಯದನ್ನೇ ಹೋಲುತ್ತದೆ, ತಪ್ಪು ಹೇಳಿದರೂ ಮತ್ತೆ ಸುರಿದು ನೋಡಲು ಕಾಳು ಅಲ್ಲೇ ಇದೆ.